ವಿನಾಯಿತಿಯ ಪುಟ: ಮಿಲ್‌ನ ಓದು ಮತ್ತು ವಸಾಹತುಶಾಹಿಯ ಬಳುವಳಿ

ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಸ್ಟೂವರ್ಟ್ ಮಿಲ್ 1859ರಲ್ಲಿ ಪ್ರಕಟಿಸಿದ ‘ಆನ್ ಲಿಬರ್ಟಿ’ ಎಂಬ ಪುಟ್ಟ ಪುಸ್ತಕ ನಮ್ಮ ವಿಶ್ವವಿದ್ಯಾಲಯಗಳ ರಾಜ್ಯಶಾಸ್ತ್ರ ತರಗತಿಗಳಲ್ಲಿ ಹಲವು ತಲೆಮಾರುಗಳಿಂದ ಪಾಠವಾಗುತ್ತ ಬಂದಿದೆ. ಒಬ್ಬ ವ್ಯಕ್ತಿಯ ಇಚ್ಛೆಗೆ ವಿರುದ್ಧವಾಗಿ ಸಮಾಜ ಅವನ ಮೇಲೆ ಬಲಪ್ರಯೋಗ ಮಾಡಬಹುದಾದರೆ ಅದು ಇತರರಿಗಾಗುವ ಹಾನಿಯನ್ನು ತಡೆಯುವುದಕ್ಕೆ ಮಾತ್ರ, ಅವನದೇ ಒಳಿತಿನ ನೆಪ ಅದಕ್ಕೆ ಸಾಲದು ಎಂಬ ಸೂತ್ರವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದವರು ಈ ಸಭೆಯಲ್ಲೂ ಇರಬಹುದು. ಆ ಸೂತ್ರದ ಬೆನ್ನಿಗೇ ಬರುವ ಮಾತುಗಳನ್ನು ಮಾತ್ರ ಅಷ್ಟು ಗಮನವಿಟ್ಟು ಓದುವವರು ಕಡಿಮೆ. ಈ ನಿಯಮ ಮಕ್ಕಳಿಗೆ ಅನ್ವಯಿಸುವುದಿಲ್ಲ ಎಂದು ಹೇಳಿದ ಮಿಲ್, ಅದೇ ಕಾರಣಕ್ಕಾಗಿ ಇಡೀ ಜನಾಂಗವೇ ಇನ್ನೂ ಅಪ್ರಾಪ್ತ ವಯಸ್ಸಿನಲ್ಲಿದೆ ಎಂದು ಪರಿಗಣಿಸಬಹುದಾದ ಹಿಂದುಳಿದ ಸಮಾಜಗಳನ್ನೂ ಲೆಕ್ಕದಿಂದ ಹೊರಗಿಡಬಹುದು ಎನ್ನುತ್ತಾನೆ. ಅನಾಗರಿಕರನ್ನು ಆಳುವಾಗ, ಅವರ ಸುಧಾರಣೆಯೇ ಗುರಿಯಾಗಿದ್ದರೆ, ನಿರಂಕುಶ ಪ್ರಭುತ್ವವೂ ನ್ಯಾಯಸಮ್ಮತವಾದ ಆಡಳಿತ ಪದ್ಧತಿ ಎಂಬುದು ಅವನ ತೀರ್ಮಾನ. ಮುಕ್ತವಾದ, ಸಮಾನವಾದ ಚರ್ಚೆಯಿಂದ ಸುಧಾರಿಸಿಕೊಳ್ಳುವ ಶಕ್ತಿ ಬರುವವರೆಗೆ ಅಂಥ ಜನಕ್ಕೆ ಒಬ್ಬ ಅಕ್ಬರನಿಗೋ ಒಬ್ಬ ಶಾರ್ಲಮೇನನಿಗೋ ಮರುಮಾತಿಲ್ಲದೆ ತಲೆಬಾಗುವುದನ್ನು ಬಿಟ್ಟರೆ ಬೇರೆ ದಾರಿಯಿಲ್ಲ, ಅದೂ ಅಂಥ ಅರಸ ಸಿಕ್ಕುವ ಭಾಗ್ಯವಿದ್ದರೆ, ಎಂದು ಅವನು ಮುಂದುವರಿಸುತ್ತಾನೆ.

ಇಂದಿನ ನನ್ನ ಮಾತು ಈ ವಿನಾಯಿತಿಯ ಬಗ್ಗೆ. ವಸಾಹತುಶಾಹಿಯ ಬಳುವಳಿಯನ್ನು ಚರ್ಚಿಸುವಾಗ ನಾವು ಸಾಮಾನ್ಯವಾಗಿ ಜಮಾಖರ್ಚಿನ ಪುಸ್ತಕ ತೆರೆದು ಕೂರುತ್ತೇವೆ: ಒಂದು ಬದಿಗೆ ರೈಲು, ಅಂಚೆ, ನ್ಯಾಯಾಲಯ, ಇಂಗ್ಲಿಷು, ಇನ್ನೊಂದು ಬದಿಗೆ ಬರಗಾಲ, ಸಂಪತ್ತಿನ ಸೋರಿಕೆ, ನೇಕಾರರ ನಾಶ. ಈ ಲೆಕ್ಕ ಬೇಡವೆಂದಲ್ಲ, ಬರಗಾಲದಲ್ಲಿ ಸತ್ತವರ ಲೆಕ್ಕವನ್ನಂತೂ ಯಾರೂ ಬಿಟ್ಟುಕೊಡಬಾರದು. ಆದರೆ ಆ ಪುಸ್ತಕದ ಯಾವ ಬದಿಯಲ್ಲೂ ನಮೂದಾಗದ ಬಳುವಳಿಯೊಂದಿದೆ. ಸ್ವಾತಂತ್ರ್ಯಕ್ಕೆ ಯಾರು ಅರ್ಹರು, ಯಾರು ಇನ್ನೂ ಅಲ್ಲ ಎಂದು ಅಧಿಕಾರದಲ್ಲಿರುವವರೇ ನಿರ್ಧರಿಸುವ ಅಭ್ಯಾಸ ಅದು. ರಾಜಕೀಯ ತತ್ತ್ವಶಾಸ್ತ್ರದ ಪಠ್ಯಗಳನ್ನು ಎಚ್ಚರದಿಂದ ಓದಿದರೆ ಈ ಅಭ್ಯಾಸ ಹೇಗೆ ವಾದವಾಯಿತು, ವಾದ ಹೇಗೆ ಆಡಳಿತವಾಯಿತು, ಆಡಳಿತಕ್ಕೆ ಒಳಗಾದವರು ಅದನ್ನು ಹೇಗೆ ತಿರುಗಿಸಿ ಓದಿದರು ಎಂಬುದು ಕಾಣುತ್ತದೆ.

ಮಿಲ್ ಭಾರತದ ಬಗ್ಗೆ ದೂರದಿಂದ ಹೊಳೆದ ಅಭಿಪ್ರಾಯವನ್ನು ಬರೆದವನಲ್ಲ. ಅವನು 1823ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಲಂಡನ್ನಿನ ಲೆಡನ್‌ಹಾಲ್ ಬೀದಿಯಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ಕಚೇರಿ ಸೇರಿ, 1858ರಲ್ಲಿ ಕಂಪನಿಯ ಆಡಳಿತ ರಾಣಿಯ ಕೈಗೆ ಹೋಗುವವರೆಗೆ ಮೂವತ್ತೈದು ವರ್ಷ ಅಲ್ಲೇ ದುಡಿದ. ಭಾರತದ ಸರ್ಕಾರಕ್ಕೆ ಕಳುಹಿಸುವ ಆದೇಶಪತ್ರಗಳ ಕರಡನ್ನು ಸಿದ್ಧಪಡಿಸುವುದು ಅವನ ಕೆಲಸವಾಗಿತ್ತು, ಅದರಲ್ಲೂ ದೇಶೀಯ ಸಂಸ್ಥಾನಗಳಿಗೆ ಸಂಬಂಧಿಸಿದ ಪತ್ರವ್ಯವಹಾರ ಅವನ ಪಾಲಿಗೆ ಬಂದಿತ್ತು. ಕಂಪನಿಯ ಆಡಳಿತವನ್ನು ಕೊನೆಗಾಣಿಸುವ ಮಸೂದೆ ಬಂದಾಗ ಅದನ್ನು ವಿರೋಧಿಸಿ ಪಾರ್ಲಿಮೆಂಟಿಗೆ ಸಲ್ಲಿಸಿದ ಮನವಿಯನ್ನು ಬರೆದವನೂ ಅವನೇ. ಅಂದರೆ ಸ್ವಾತಂತ್ರ್ಯದ ಕುರಿತ ಆಧುನಿಕ ಜಗತ್ತಿನ ಪ್ರಸಿದ್ಧ ಗ್ರಂಥ ಹೊರಬಂದದ್ದು ಅದರ ಕರ್ತೃ ಭಾರತವನ್ನು ಆಳುವ ಕಚೇರಿಯಿಂದ ಪಿಂಚಣಿ ಪಡೆದು ಹೊರಬಂದ ಮರುವರ್ಷ. ಅವನು ಒಮ್ಮೆಯೂ ಭಾರತಕ್ಕೆ ಬರಲಿಲ್ಲ.

ಬಾರದೆ ಇರುವುದನ್ನು ಅರ್ಹತೆಯೆಂದೇ ತಿಳಿಯುವ ಪರಂಪರೆ ಅವನಿಗೆ ಮನೆಯಲ್ಲೇ ಸಿಕ್ಕಿತ್ತು. ತಂದೆ ಜೇಮ್ಸ್ ಮಿಲ್ 1817ರಲ್ಲಿ ಪ್ರಕಟಿಸಿದ ಬ್ರಿಟಿಷ್ ಭಾರತದ ಇತಿಹಾಸದ ಮುನ್ನುಡಿಯಲ್ಲಿ, ತಾನು ಆ ದೇಶವನ್ನು ಕಂಡಿಲ್ಲ, ಅಲ್ಲಿನ ಭಾಷೆಗಳನ್ನು ಬಲ್ಲವನೂ ಅಲ್ಲ ಎಂದು ಒಪ್ಪಿಕೊಂಡು, ಯೋಗ್ಯನಾದವನು ಇಂಗ್ಲೆಂಡಿನ ತನ್ನ ಕೋಣೆಯಲ್ಲಿ ಕೂತು ಒಂದು ವರ್ಷದಲ್ಲಿ ಪಡೆಯುವ ತಿಳಿವಳಿಕೆ ಭಾರತದಲ್ಲಿ ಕಣ್ಣುಕಿವಿಗಳನ್ನು ಬಳಸಿ ಬದುಕಿಡೀ ಕಳೆದವನಿಗೂ ಸಿಕ್ಕದು ಎಂದು ಸಾಧಿಸುತ್ತಾನೆ. ಆ ಪುಸ್ತಕದ ಕರಡಚ್ಚು ತಿದ್ದುವಾಗ ಹಸ್ತಪ್ರತಿಯನ್ನು ತಂದೆಗೆ ಓದಿ ಹೇಳುತ್ತಿದ್ದವನು ಹನ್ನೊಂದರ ಹುಡುಗ ಜಾನ್.

ಇಷ್ಟು ಹೇಳಿದರೆ ಸಾಕು, ಕೆಲವರು ಪುಸ್ತಕವನ್ನು ಮುಚ್ಚಿಡುತ್ತಾರೆ. ಇನ್ನು ಕೆಲವರು, ಅವನು ಅವನ ಕಾಲದವನು, ಆ ಕಾಲದಲ್ಲಿ ಎಲ್ಲರೂ ಹಾಗೆಯೇ ಯೋಚಿಸುತ್ತಿದ್ದರು ಎಂದು ಪುಟ ಮಗುಚುತ್ತಾರೆ. ಎರಡನೆಯ ಮಾತು ಮೊದಲನೆಯದಕ್ಕಿಂತ ಹೆಚ್ಚು ತಪ್ಪು, ಏಕೆಂದರೆ ಅದು ಇತಿಹಾಸದ ದೃಷ್ಟಿಯಿಂದಲೇ ನಿಲ್ಲುವುದಿಲ್ಲ. ಮಿಲ್‌ಗಿಂತ ಎರಡು ತಲೆಮಾರು ಹಿಂದಿನವನಾದ, ಬ್ರಿಟಿಷ್ ಪಾರ್ಲಿಮೆಂಟಿನ ಸದಸ್ಯ ಎಡ್ಮಂಡ್ ಬರ್ಕ್‌ನನ್ನು ನೋಡಿ. ಮಿಲ್ ಸುಧಾರಕ, ಬರ್ಕ್ ಸಂಪ್ರದಾಯವಾದಿ ಎಂಬುದು ನಮ್ಮ ಪಠ್ಯಪುಸ್ತಕದ ಹಣೆಪಟ್ಟಿ. ಆದರೆ ಬಂಗಾಳದ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್‌ನ ಮೇಲೆ ಪಾರ್ಲಿಮೆಂಟಿನಲ್ಲಿ 1788ರಿಂದ 1795ರವರೆಗೆ ನಡೆದು ಖುಲಾಸೆಯಲ್ಲಿ ಮುಗಿದ ಮಹಾಭಿಯೋಗದಲ್ಲಿ (ಇಂಪೀಚ್‌ಮೆಂಟ್), ಏಷ್ಯಾದಲ್ಲಿ ಮಾಡಿದ ಕೃತ್ಯಕ್ಕೆ ಯೂರೋಪಿನ ನೀತಿಯ ಅಳತೆ ಸಲ್ಲದು ಎಂಬ ವಾದವನ್ನು ಅವನು ಭೂಗೋಳಕ್ಕೆ ತಕ್ಕಂತೆ ಬದಲಾಗುವ ನೀತಿ ಎಂದು ಹೀಗಳೆದ. ಭೂಮಧ್ಯರೇಖೆ ದಾಟಿದೊಡನೆ ಸದ್ಗುಣಗಳೆಲ್ಲ ಸತ್ತುಹೋಗುತ್ತವೆಯೇ ಎಂಬುದು ಅವನ ಪ್ರಶ್ನೆಯ ಧಾಟಿ. ಭಾರತದ ಜನ ಇಂಗ್ಲಿಷರು ಇನ್ನೂ ಕಾಡಿನಲ್ಲಿದ್ದಾಗಲೇ ನಾಗರಿಕ ಕಲೆಗಳಲ್ಲಿ ಪಳಗಿದ್ದವರು ಎಂದು 1783ರಲ್ಲೇ ಅವನು ಪಾರ್ಲಿಮೆಂಟಿನಲ್ಲಿ ಹೇಳಿದ್ದ.

ಬರ್ಕ್‌ನ ಬರಹಗಳಲ್ಲಿ ನಮ್ಮ ಕಡೆಯ ಓದುಗರಿಗೆ ವಿಶೇಷವಾಗಿ ತಟ್ಟುವಂಥದು 1785ರ ಫೆಬ್ರವರಿಯಲ್ಲಿ ಆರ್ಕಾಟಿನ ನವಾಬನ ಸಾಲಗಳ ಕುರಿತು ಅವನು ಮಾಡಿದ ಭಾಷಣ. ಕಂಪನಿಯ ನೌಕರರು ನವಾಬನಿಗೆ ಬಡ್ಡಿಯ ಮೇಲೆ ಬಡ್ಡಿ ಹಾಕಿ ಸಾಲ ಕೊಟ್ಟು, ಅದರ ವಸೂಲಿಗೆ ಇಡೀ ನಾಡಿನ ಕಂದಾಯವನ್ನೇ ಅಡವಿರಿಸಿಕೊಂಡಿದ್ದ ಹಗರಣ ಅದು. 1780ರಲ್ಲಿ ಹೈದರಾಲಿಯ ಸೈನ್ಯ ಘಟ್ಟ ಇಳಿದು ಕರ್ನಾಟಿಕ್ ಪ್ರಾಂತದ ಮೇಲೆ ಎರಗಿದ್ದನ್ನು ಬೆಟ್ಟದ ಇಳಿಜಾರಿನಲ್ಲಿ ತಡೆದು ನಿಂತು ಆಮೇಲೆ ಬಯಲಿನ ಮೇಲೆ ಒಮ್ಮೆಗೇ ಸುರಿದ ಕರಿಮೋಡಕ್ಕೆ ಹೋಲಿಸಿ ವರ್ಣಿಸುವ ಅವನು, ಆ ವಿನಾಶವನ್ನು ಮೈಮೇಲೆ ಎಳೆದುಕೊಂಡದ್ದು ಕಂಪನಿಯವರ ಮಾತು ತಪ್ಪುವ ಚಾಳಿಯೇ ಎಂದು ಹೇಳಲು ಹಿಂಜರಿಯುವುದಿಲ್ಲ. (ಈ ಕರ್ನಾಟಿಕ್ ಎಂಬುದು ಇಂದಿನ ತಮಿಳುನಾಡಿನ ಬಯಲು ಪ್ರದೇಶವೇ ಹೊರತು ನಮ್ಮ ಕರ್ನಾಟಕವಲ್ಲ, ಈ ಹೆಸರು ಕನ್ನಡದ ಓದುಗರನ್ನು ಆಗಾಗ ದಾರಿ ತಪ್ಪಿಸಿದೆ.) ಅದೇ ಭಾಷಣದಲ್ಲಿ ಅವನು ಒಂದು ನಕಾಶೆಯನ್ನು ಮುಂದಿಟ್ಟುಕೊಂಡು ಅದರಲ್ಲಿ ಗುರುತಾಗಿರುವ ಕೆರೆಗಳನ್ನು ಎಣಿಸುತ್ತಾನೆ: ಎರಡು ಮೂರು ಎಕರೆಯವುಗಳಿಂದ ಹಿಡಿದು ಐದು ಮೈಲು ಸುತ್ತಳತೆಯವುಗಳವರೆಗೆ ಸಾವಿರದ ನೂರಕ್ಕೂ ಹೆಚ್ಚು. ಇವು ಪ್ರಜೆಗಳಿಗೆ ತಂದೆಯಂತಿದ್ದ ನಿಜವಾದ ಅರಸರ ಸ್ಮಾರಕಗಳು, ಹುಟ್ಟಲಿರುವ ಪೀಳಿಗೆಯನ್ನೂ ತಮ್ಮದೆಂದೇ ಅಪ್ಪಿಕೊಂಡವರು ಬಿಟ್ಟುಹೋದ ಆಸ್ತಿ ಎಂದು ಅವನು ಹೇಳುವಾಗ, ಭಾರತವನ್ನು ಕಣ್ಣಾರೆ ಕಾಣದ ಇನ್ನೊಬ್ಬನು ಅದೇ ಲಂಡನ್ನಿನಲ್ಲಿ ಕೂತು ಎಷ್ಟು ಬೇರೆಯಾಗಿ ನೋಡಬಹುದಿತ್ತು ಎಂಬುದು ತಿಳಿಯುತ್ತದೆ. ಎಲ್ಲರೂ ಹಾಗೆಯೇ ಯೋಚಿಸುತ್ತಿದ್ದರು ಎಂಬ ಸಮಾಧಾನ ಇದಾದ ಮೇಲೆ ಉಳಿಯದು.

ಬರ್ಕ್‌ನನ್ನು ನಮ್ಮವನೆಂದು ಅಪ್ಪಿಕೊಳ್ಳುವ ಆತುರವೂ ಬೇಡ. ಅವನು ಕಂಪನಿಯಿಂದ ಉತ್ತರದಾಯಿತ್ವವನ್ನು ಕೇಳಿದನೇ ಹೊರತು ಭಾರತ ಬಿಟ್ಟು ಹೊರಡು ಎಂದು ಕೇಳಲಿಲ್ಲ. ಹಳೆಯ ವ್ಯವಸ್ಥೆ ಹಳೆಯದೆಂಬ ಕಾರಣಕ್ಕೇ ಗೌರವಾರ್ಹ ಎನ್ನುವ ಅವನ ಕಣ್ಣಿಗೆ ಜಾತಿಯ ಕಟ್ಟುಪಾಡುಗಳೂ ಕಾಪಾಡಬೇಕಾದ ಪರಂಪರೆಯಾಗಿಯೇ ಕಂಡವು. ಜೋತಿರಾವ್ ಫುಲೆ 1873ರಲ್ಲಿ ‘ಗುಲಾಮಗಿರಿ’ಯನ್ನು ಬರೆದು, ಗುಲಾಮಗಿರಿಯನ್ನು ಕೊನೆಗಾಣಿಸಿದ ಅಮೆರಿಕದ ಜನತೆಗೆ ಅರ್ಪಿಸಿದಾಗ ಅವರು ತೋರಿಸಿದ್ದು, ಆ ಪರಂಪರೆಯ ಕೆಳಗೆ ನರಳಿದವರ ಪಾಲಿಗೆ ಪರಕೀಯ ಆಳ್ವಿಕೆಗಿಂತ ಹಳೆಯದಾದ ದಾಸ್ಯವೊಂದಿತ್ತು ಎಂಬುದನ್ನು. ವಸಾಹತುಪೂರ್ವದ ನಾಡನ್ನು ಹೊಗಳುವ ಯಾವ ವಾದವೂ ಫುಲೆಯವರ ಈ ಪ್ರಶ್ನೆಯನ್ನು ಬದಿಗೊತ್ತಿ ಹೋಗಲಾರದು.

ಮಿಲ್‌ನಲ್ಲಿಯೇ ಇರುವ ಬಿರುಕುಗಳ ಕಡೆಗೆ ಮರಳುತ್ತೇನೆ. ಭಾರತದಲ್ಲಿ ಇಂಗ್ಲಿಷ್ ಶಿಕ್ಷಣವೇ ಬೇಕೆಂದ ಮೆಕಾಲೆಯ 1835ರ ಶಿಕ್ಷಣ ಟಿಪ್ಪಣಿಯನ್ನು ವಿರೋಧಿಸಿ, ದೇಶೀಯ ವಿದ್ವತ್ತಿನ ನೆರವಿಲ್ಲದೆ ಶಿಕ್ಷಣ ಬೇರೂರದು ಎಂಬ ಅರ್ಥದ ಆದೇಶಪತ್ರವನ್ನು ಅವನು ಕರಡು ಮಾಡಿದ್ದ. ಅದನ್ನು ಮೇಲಿನವರು ತಳ್ಳಿಹಾಕಿದರು. ಜಮೈಕಾದ ಮೊರಾಂಟ್ ಬೇಯಲ್ಲಿ 1865ರಲ್ಲಿ ಎದ್ದ ದಂಗೆಯನ್ನು ಗವರ್ನರ್ ಐರ್ ನಾನೂರಕ್ಕೂ ಹೆಚ್ಚು ಜನರನ್ನು ಕೊಂದು ಅಡಗಿಸಿದಾಗ, ಆ ಗವರ್ನರನನ್ನು ಕೊಲೆಯ ಆಪಾದನೆಯ ಮೇಲೆ ನ್ಯಾಯಾಲಯಕ್ಕೆ ಎಳೆಯಲು ಹೋರಾಡಿದ ಸಮಿತಿಯ ಮುಂದಾಳು ಮಿಲ್. ಕಾರ್ಲೈಲ್, ಡಿಕನ್ಸ್, ರಸ್ಕಿನ್ ಎದುರು ಪಾಳೆಯದಲ್ಲಿದ್ದರು. ಪ್ರಾತಿನಿಧಿಕ ಸರ್ಕಾರದ ಕುರಿತು 1861ರಲ್ಲಿ ಅವನು ಬರೆದ ಪುಸ್ತಕದ ಕೊನೆಯ ಅಧ್ಯಾಯದಲ್ಲಂತೂ, ಒಂದು ಜನತೆ ತನ್ನನ್ನು ತಾನು ಆಳಿಕೊಳ್ಳುವುದಕ್ಕೆ ಅರ್ಥವಿದೆ, ಆದರೆ ಒಂದು ಜನತೆಯ ಮೇಲೆ ಇನ್ನೊಂದು ಜನತೆಯ ಸರ್ಕಾರ ಎಂಬುದು ಇಲ್ಲ, ಇರಲೂ ಆರದು ಎನ್ನುತ್ತಾನೆ. ಒಂದು ಜನತೆ ಇನ್ನೊಂದನ್ನು ತನ್ನ ಲಾಭಕ್ಕಾಗಿ ಸಾಕಿಕೊಂಡ ಮನುಷ್ಯರ ದನದ ದೊಡ್ಡಿಯಂತೆ ಇಟ್ಟುಕೊಳ್ಳಬಹುದು, ಅಷ್ಟೇ. ಇಂಥ ವಾಕ್ಯವನ್ನು ಬರೆದವನು ಅದರಿಂದ ಎಳೆದ ತೀರ್ಮಾನ ಮಾತ್ರ ಅನಿರೀಕ್ಷಿತ: ಆದ್ದರಿಂದ ಭಾರತವನ್ನು ಬ್ರಿಟಿಷ್ ಜನತೆಯೂ ಅದರ ಮಂತ್ರಿಗಳೂ ನೇರವಾಗಿ ಆಳಬಾರದು, ಕಂಪನಿಯಂಥ ಅನುಭವಸ್ಥರ ಮಂಡಳಿ ಆಳಬೇಕು. ಆಳುವುದು ಸರಿಯೇ ಎಂಬ ಪ್ರಶ್ನೆ ಆಳುವ ಯಂತ್ರ ಯಾವುದಿರಬೇಕು ಎಂಬ ಪ್ರಶ್ನೆಯಾಗಿ ಸಣ್ಣದಾಗಿಬಿಟ್ಟಿತು. ಉದಯ್ ಸಿಂಗ್ ಮೆಹ್ತಾ ಅವರಂಥ ವಿದ್ವಾಂಸರು ಸಾಮ್ರಾಜ್ಯದ ಸಮರ್ಥನೆ ಮಿಲ್ ಪ್ರತಿನಿಧಿಸುವ ಉದಾರವಾದಕ್ಕೆ (ಲಿಬರಲಿಸಂ) ಹೊರಗಿನಿಂದ ಅಂಟಿದ ಕೊಳೆಯಲ್ಲ, ಅದರ ಒಳಗಿನಿಂದಲೇ ಹೊಮ್ಮಿದ್ದು ಎಂದು ವಾದಿಸಿದ್ದಾರೆ. ನನಗೆ ಆ ವಾದ ಬಹುಮಟ್ಟಿಗೆ ಒಪ್ಪಿಗೆ, ಆದರೆ ಪೂರ್ತಿಯಾಗಿ ಅಲ್ಲ. ಏಕೆ ಎಂಬುದು ಮುಂದೆ ಬರುತ್ತದೆ.

ವಿನಾಯಿತಿಯ ತರ್ಕವನ್ನು ಪರೀಕ್ಷಿಸಲು ಮೈಸೂರಿಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣದು. ನಗರ (ಬಿದನೂರು) ಪ್ರಾಂತದ ರೈತರ ದಂಗೆಯ ಬಳಿಕ 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಮೂರನೆಯ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ಕಿತ್ತುಕೊಂಡ. ಅರಸರು ಎಷ್ಟು ಮನವಿ ಮಾಡಿಕೊಂಡರೂ ಅವರ ಜೀವಿತ ಕಾಲದಲ್ಲಿ ಅದು ಮರಳಲಿಲ್ಲ. 1868ರಲ್ಲಿ ಅವರು ತೀರಿಕೊಂಡಾಗ ದತ್ತುಪುತ್ರ ಚಾಮರಾಜೇಂದ್ರರು ಐದು ವರ್ಷದ ಬಾಲಕರು, ಆದ್ದರಿಂದ ಅವರು ಪ್ರಾಪ್ತ ವಯಸ್ಕರಾಗುವವರೆಗೆ ಪೋಷಕತ್ವ ಮುಂದುವರಿಯಿತು. ಮಿಲ್ ರೂಪಕವಾಗಿ ಹೇಳಿದ್ದು ಇಲ್ಲಿ ಅಕ್ಷರಶಃ ನಡೆಯಿತು. ಐವತ್ತು ವರ್ಷಗಳ ಬ್ರಿಟಿಷ್ ಕಮಿಷನರ್‌ಗಳ ಆಳ್ವಿಕೆಯಲ್ಲಿ ರಸ್ತೆಗಳಾದವು, ದಫ್ತರು ಶಿಸ್ತಿಗೆ ಬಂತು, ಕಮಿಷನರ್ ಮಾರ್ಕ್ ಕಬ್ಬನ್ ಹೆಸರು ಬೆಂಗಳೂರಿನ ಉದ್ಯಾನದಲ್ಲಿ ಉಳಿಯಿತು. ಅದೇ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ, 1876ರಿಂದ 1878ರವರೆಗಿನ ಮಹಾ ಬರದಲ್ಲಿ, ಸಂಸ್ಥಾನದ ಸುಮಾರು ಹತ್ತು ಲಕ್ಷ ಜನ ಸತ್ತರು. ಸುಧಾರಣೆಯೇ ಗುರಿಯಾಗಿದ್ದರೆ ಎಂಬ ಮಿಲ್‌ನ ಷರತ್ತಿಗೆ ಇಲ್ಲಿ ಒಂದು ಪ್ರಶ್ನೆ ಎದುರಾಗುತ್ತದೆ: ಗುರಿ ಈಡೇರಿತೇ ಇಲ್ಲವೇ ಎಂದು ಅಳೆಯುವವರು ಯಾರು? ಪೋಷಕನ ಸಾಧನೆಗೆ ಪೋಷಕನೇ ಅಂಕ ಕೊಡುವ ವ್ಯವಸ್ಥೆಯಲ್ಲಿ, ಹತ್ತು ಲಕ್ಷ ಸಾವುಗಳ ನಂತರವೂ ಅನುತ್ತೀರ್ಣನಾಗುವ ಪೋಷಕನಿಲ್ಲ. 1881ರ ಮಾರ್ಚ್ 25ರಂದು ಅಧಿಕಾರ ಮರಳಿಸುವಾಗ ಸಹ ವಾರ್ಷಿಕ ಕಪ್ಪವನ್ನು 35 ಲಕ್ಷ ರೂಪಾಯಿಗೆ ಏರಿಸುವ ಷರತ್ತು ಹಾಕಲಾಯಿತು. ಬರದ ಹೊಡೆತದಿಂದ ರಾಜ್ಯ ಚೇತರಿಸಿಕೊಳ್ಳಲಿ ಎಂದು ಅದರ ಜಾರಿಯನ್ನು ಮುಂದೂಡಿದ್ದೇ ಔದಾರ್ಯ.

ಅದೇ ವರ್ಷ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು 144 ಸದಸ್ಯರ ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ಆಡಳಿತ ಮರಳಿದ ಏಳು ತಿಂಗಳೊಳಗೆ ಇದು ನಡೆದದ್ದು ಹೆಮ್ಮೆಯ ಸಂಗತಿಯೇ, ಅದನ್ನು ನಾವು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತ ಬಂದಿದ್ದೇವೆ. ಆದರೆ ಕರೆ ಹೋದದ್ದು ಭೂಮಿಯಿದ್ದ ರೈತರಿಗೆ ಮತ್ತು ವರ್ತಕರಿಗೆ. ಗೇಣಿದಾರ, ಕೂಲಿ, ಹೊಲೆಮಾದಿಗ ಕೇರಿಯವರು, ಹೆಂಗಸರು ಆ ಪಟ್ಟಿಯಲ್ಲಿರಲಿಲ್ಲ. 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಗಿ ಸರ್ಕಾರಿ ನೌಕರಿಗಳಲ್ಲಿ ಬ್ರಾಹ್ಮಣೇತರರಿಗೆ ಪಾಲು ಕೊಡುವ ಮಾತು ಬಂದಾಗ, ದಕ್ಷತೆ ಕುಗ್ಗುತ್ತದೆ ಎಂಬ ಆಕ್ಷೇಪಣೆ ಎದ್ದಿತು. ದಿವಾನ್ ವಿಶ್ವೇಶ್ವರಯ್ಯನವರ ಆಕ್ಷೇಪಣೆಯೂ ಅದೇ, ಅವರು ಹುದ್ದೆ ಬಿಟ್ಟುದರ ಹಿಂದೆ ಈ ಭಿನ್ನಮತವೂ ಇತ್ತು. ಅವರ ಪ್ರಾಮಾಣಿಕತೆಯನ್ನು ನಾನು ಶಂಕಿಸುವುದಿಲ್ಲ. ನನ್ನ ಗಮನವಿರುವುದು ವಾದದ ಆಕಾರದ ಮೇಲೆ: ಮೊದಲು ಅವರು ಕಲಿಯಲಿ, ಯೋಗ್ಯರಾಗಲಿ, ಆಮೇಲೆ ಅಧಿಕಾರ. ಲೆಡನ್‌ಹಾಲ್ ಬೀದಿಯಿಂದ ನಮ್ಮ ಬಗ್ಗೆ ಬಂದಿದ್ದ ಮಾತನ್ನು ಈಗ ನಮ್ಮವರೇ ನಮ್ಮವರ ಬಗ್ಗೆ ಆಡುತ್ತಿದ್ದರು.

ಈ ಸಂಗತಿಯನ್ನು ಅಂಬೇಡ್ಕರ್ ಅವರಷ್ಟು ನಿಷ್ಠುರವಾಗಿ ಹೇಳಿದವರಿಲ್ಲ. ದಾದಾಭಾಯಿ ನವರೋಜಿ ಇಂಗ್ಲಿಷರ ತತ್ತ್ವವನ್ನೇ ಇಂಗ್ಲಿಷರ ಮುಂದೆ ಹಿಡಿದು, ನಿಮ್ಮ ಆಳ್ವಿಕೆ ನಿಮ್ಮದೇ ಆದರ್ಶಕ್ಕೆ ತಕ್ಕುದಲ್ಲ ಎಂದು ಲೆಕ್ಕಾಚಾರದ ಸಮೇತ ತೋರಿಸಿದ್ದರು. ಅಂಬೇಡ್ಕರ್ ಆ ಕನ್ನಡಿಯನ್ನು ಇನ್ನೊಂದು ಸುತ್ತು ತಿರುಗಿಸಿದರು. 1936ರ ‘ಜಾತಿ ವಿನಾಶ’ದಲ್ಲಿ ಅವರು ಹೇಳುವುದು ಇದು: ಒಂದು ದೇಶ ಇನ್ನೊಂದು ದೇಶವನ್ನು ಆಳಲು ಯೋಗ್ಯವಲ್ಲ ಎಂಬ ಮಿಲ್‌ನ ಸಿದ್ಧಾಂತವನ್ನು ಉಚ್ಚರಿಸುವ ಪ್ರತಿಯೊಬ್ಬ ಕಾಂಗ್ರೆಸಿಗನೂ ಒಂದು ವರ್ಗ ಇನ್ನೊಂದು ವರ್ಗವನ್ನು ಆಳಲು ಯೋಗ್ಯವಲ್ಲ ಎಂಬುದನ್ನೂ ಒಪ್ಪಬೇಕಾಗುತ್ತದೆ. ಮಿಲ್ ತನ್ನ ಮಾತನ್ನು ಎಲ್ಲಿ ನಿಲ್ಲಿಸಿದನೋ ಅಲ್ಲಿಂದ ಅದನ್ನು ಅಂಬೇಡ್ಕರ್ ಮುಂದಕ್ಕೆ ಎಳೆಯುತ್ತಾರೆ, ಮತ್ತು ಎಳೆಯುವಾಗ ಅದು ಯಾರನ್ನೂ ಹೊರಗೆ ಬಿಡದಂತೆ ನೋಡಿಕೊಳ್ಳುತ್ತಾರೆ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಉದಾಹರಣೆ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅವರು ಮಾಡಿದ ಭಾಷಣದಲ್ಲಿದೆ. ಪ್ರಜಾಪ್ರಭುತ್ವವನ್ನು ಕಾಪಾಡಿಕೊಳ್ಳಬೇಕೆನ್ನುವವರು, ಎಷ್ಟೇ ದೊಡ್ಡ ಮನುಷ್ಯನಾಗಿರಲಿ ಅವನ ಪಾದಗಳಲ್ಲಿ ತಮ್ಮ ಸ್ವಾತಂತ್ರ್ಯವನ್ನು ಇಡಬಾರದು, ಸಂಸ್ಥೆಗಳನ್ನೇ ಬುಡಮೇಲು ಮಾಡಬಲ್ಲ ಅಧಿಕಾರವನ್ನು ಅವನಿಗೆ ಒಪ್ಪಿಸಬಾರದು ಎಂಬ ಮಿಲ್‌ನ ಎಚ್ಚರಿಕೆಯನ್ನು ಅವರು ನೆನಪಿಸುತ್ತಾರೆ. ಧರ್ಮದಲ್ಲಿ ಭಕ್ತಿ ಆತ್ಮದ ಮುಕ್ತಿಗೆ ದಾರಿಯಾಗಬಹುದು, ರಾಜಕೀಯದಲ್ಲಿ ಅದು ಸರ್ವಾಧಿಕಾರದತ್ತ ಕೊಂಡೊಯ್ಯುತ್ತದೆ ಎಂಬ ಪ್ರಸಿದ್ಧ ಮಾತು ಬರುವುದೂ ಇದೇ ಸಂದರ್ಭದಲ್ಲಿ. ಆದರೆ ಮೂಲದಲ್ಲಿ ಮಿಲ್ ಆ ವಾಕ್ಯವನ್ನು ಬರೆದದ್ದು ಯಾವುದಕ್ಕಾಗಿ? 1861ರ ಪುಸ್ತಕದ ಮೊದಲ ಅಧ್ಯಾಯದಲ್ಲಿ ಎಂಥ ಜನ ಸ್ವಾತಂತ್ರ್ಯಕ್ಕೆ ಅನರ್ಹರು ಎಂದು ಪಟ್ಟಿ ಮಾಡುವಾಗ, ಮಹಾಪುರುಷನ ಪಾದದಲ್ಲಿ ಸ್ವಾತಂತ್ರ್ಯವನ್ನು ಇಟ್ಟುಬಿಡುವವರನ್ನೂ ಅವನು ಆ ಪಟ್ಟಿಗೆ ಸೇರಿಸುತ್ತಾನೆ. ಅರ್ಹತೆಯ ಪರೀಕ್ಷೆಗೆಂದು ಬರೆದ ವಾಕ್ಯವನ್ನು ಅಂಬೇಡ್ಕರ್ ಪರೀಕ್ಷೆಯಿಂದ ಬಿಡಿಸಿ ತೆಗೆದು, ಸ್ವಾತಂತ್ರ್ಯವನ್ನು ಆಗಲೇ ಕೈಗೆ ತೆಗೆದುಕೊಂಡಿದ್ದ ಜನತೆಯ ಆತ್ಮಸಂಯಮದ ಮಾತನ್ನಾಗಿ ಮಾಡಿದರು. ಪ್ರವೇಶ ಪರೀಕ್ಷೆ ನಡೆಸುವ ಹಕ್ಕು ಯಾರಿಗೂ ಇಲ್ಲ, ಪಡೆದದ್ದನ್ನು ಉಳಿಸಿಕೊಳ್ಳುವ ಹೊಣೆ ಎಲ್ಲರದೂ. ಮೆಹ್ತಾ ಅವರ ವಾದವನ್ನು ಪೂರ್ತಿಯಾಗಿ ಒಪ್ಪಲು ನಾನು ಹಿಂಜರಿಯುವುದು ಈ ಕಾರಣಕ್ಕೆ. ಪಠ್ಯದೊಳಗೆ ಸಾಮ್ರಾಜ್ಯವಿದೆ ಎಂಬುದು ನಿಜ, ಆದರೆ ಪಠ್ಯದ ಬಾಳು ಬರೆದವನೊಂದಿಗೆ ಮುಗಿಯುವುದಿಲ್ಲ.

ಮಿಲ್‌ಗೆ ಅತಿ ದೊಡ್ಡ ಉತ್ತರ ಬಂದದ್ದು ಪುಸ್ತಕದ ರೂಪದಲ್ಲಲ್ಲ. ಓದು, ಬರಹ, ಸರಳ ಲೆಕ್ಕ ಬಾರದವನಿಗೆ ಮತ ಕೊಡಬಾರದು, ಸಾರ್ವತ್ರಿಕ ಶಿಕ್ಷಣ ಸಾರ್ವತ್ರಿಕ ಮತದಾನಕ್ಕಿಂತ ಮೊದಲು ಬರಬೇಕು, ಹೆಚ್ಚು ಕಲಿತವನಿಗೆ ಒಂದಕ್ಕಿಂತ ಹೆಚ್ಚು ಮತಗಳಿರಬೇಕು ಎಂದು ಮಿಲ್‌ನ 1861ರ ಅದೇ ಪುಸ್ತಕದ ಎಂಟನೆಯ ಅಧ್ಯಾಯ ವಾದಿಸುತ್ತದೆ. ಇದು ಭಾರತಕ್ಕಲ್ಲ, ಇಂಗ್ಲೆಂಡಿಗೇ ಹೇಳಿದ ಮಾತು. ಪದವೀಧರರಿಗೂ ವ್ಯಾಪಾರ ಸ್ಥಳ ಉಳ್ಳವರಿಗೂ ಇದ್ದ ಎರಡನೆಯ ಮತವನ್ನು ಬ್ರಿಟನ್ ಕಾನೂನಿನಿಂದ ತೆಗೆದುಹಾಕಿದ್ದು 1948ರಲ್ಲಿ. ಇತ್ತ 1951ರ ಜನಗಣತಿಯಲ್ಲಿ ಅಕ್ಷರಸ್ಥರ ಪ್ರಮಾಣ ಶೇಕಡಾ 18ರಷ್ಟಿದ್ದ ದೇಶದಲ್ಲಿ ಸುಮಾರು 17 ಕೋಟಿ ಮತದಾರರ ಪಟ್ಟಿ ತಯಾರಾಯಿತು, ಓದಲಾಗದವರಿಗೆಂದು ಪೆಟ್ಟಿಗೆಗಳ ಮೇಲೆ ಚಿಹ್ನೆಗಳನ್ನು ಅಂಟಿಸಿ ಚುನಾವಣೆ ನಡೆಯಿತು. ಮೊದಲು ಕಲಿ, ಆಮೇಲೆ ಆಳಿಕೋ ಎಂಬ ಅನುಕ್ರಮವನ್ನು ನಮ್ಮ ಸಂವಿಧಾನ ಸಭೆ ಬೇಕೆಂದೇ, ಬುದ್ಧಿಪೂರ್ವಕವಾಗಿ ತಿರಸ್ಕರಿಸಿತು. ವಸಾಹತುಶಾಹಿಯಿಂದ ಬಿಡಿಸಿಕೊಳ್ಳುವುದೆಂದರೆ ಬೀದಿಗಳ ಹೆಸರು ಬದಲಿಸುವುದು ಎಂದು ತಿಳಿದವರು ಈ ನಿರ್ಧಾರವನ್ನು ಆ ಪಟ್ಟಿಯ ತಲೆಯ ಮೇಲೆ ಬರೆಯುವುದಿಲ್ಲ ಎಂಬುದು ನನಗೆ ಸದಾ ಆಶ್ಚರ್ಯ.

ಉಪನ್ಯಾಸದ ನಂತರ, ಇಷ್ಟೆಲ್ಲ ಆದ ಮೇಲೂ ಮಿಲ್ ಪಠ್ಯಕ್ರಮದಲ್ಲಿ ಏಕಿರಬೇಕು ಎಂಬ ಪ್ರಶ್ನೆ ಬಂತು. ಅಲ್ಲಿ ಕೊಟ್ಟ ಉತ್ತರವನ್ನು ಕೊಂಚ ವಿಸ್ತರಿಸಿ ಇಲ್ಲಿ ಬರೆಯುತ್ತೇನೆ. 2015ರಲ್ಲಿ ಹರಿಯಾಣ ಸರ್ಕಾರ ಪಂಚಾಯಿತಿ ಚುನಾವಣೆಗೆ ನಿಲ್ಲುವವರಿಗೆ ಶೈಕ್ಷಣಿಕ ಅರ್ಹತೆಯನ್ನು ವಿಧಿಸಿತು: ಸಾಮಾನ್ಯ ವರ್ಗದ ಗಂಡಸರಿಗೆ ಹತ್ತನೆಯ ತರಗತಿ, ಹೆಂಗಸರಿಗೂ ದಲಿತರಿಗೂ ಅದಕ್ಕಿಂತ ಕಡಿಮೆ, ಜೊತೆಗೆ ಮನೆಯಲ್ಲಿ ಶೌಚಾಲಯವಿರಬೇಕು, ವಿದ್ಯುತ್ ಬಿಲ್ಲು ಬಾಕಿಯಿರಬಾರದು. ಅದೇ ವರ್ಷ ಡಿಸೆಂಬರ್ 10ರಂದು ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿದು, ಸರಿತಪ್ಪುಗಳನ್ನು ವಿವೇಚಿಸುವ ಶಕ್ತಿಯನ್ನು ಮನುಷ್ಯನಿಗೆ ಕೊಡುವುದು ಶಿಕ್ಷಣ ಮಾತ್ರ ಎಂದಿತು. ಇಂಥದೇ ಷರತ್ತನ್ನು ತಂದಿದ್ದ ರಾಜಸ್ಥಾನ 2019ರಲ್ಲಿ ಅದನ್ನು ಕೈಬಿಟ್ಟಿತು. ಶಾಲೆಯನ್ನೇ ಕಾಣದೆ ಹೊಲದಲ್ಲಿ ದುಡಿದ ಹೆಂಗಸು ಆ ಕಾನೂನಿನಡಿ ಪ್ರಧಾನಿಯನ್ನು ಆರಿಸುವ ಸಂಸತ್ತಿಗೆ ಮತ ಹಾಕಬಹುದು, ಬೇಕಿದ್ದರೆ ಸಂಸತ್ತಿಗೇ ಸ್ಪರ್ಧಿಸಬಹುದು, ತನ್ನ ಊರಿನ ಪಂಚಾಯಿತಿಗೆ ಮಾತ್ರ ನಿಲ್ಲುವಂತಿಲ್ಲ. ಶಾಲೆಯನ್ನು ಅವಳ ಊರಿಗೆ ತಾರದ ಸರ್ಕಾರವೇ ಶಾಲೆಗೆ ಹೋಗಲಿಲ್ಲವೆಂದು ಅವಳನ್ನು ಅನರ್ಹಗೊಳಿಸುತ್ತದೆ. ಆ ತೀರ್ಪನ್ನು ತರಗತಿಯಲ್ಲಿ ಓದಿಸುವ ಅಧ್ಯಾಪಕರು ಪಕ್ಕದಲ್ಲಿ ಮಿಲ್‌ನ ಎಂಟನೆಯ ಅಧ್ಯಾಯವನ್ನು ಇಡಲಿ. ತೀರ್ಪು ಯಾರ ವಾದವನ್ನು ಮುಂದುವರಿಸುತ್ತಿದೆ ಎಂದು ವಿದ್ಯಾರ್ಥಿಗಳು ಗುರುತಿಸಬೇಕಾದರೆ ಆ ವಾದದ ಮೂಲ ಪ್ರತಿ ಅವರ ಕೈಯಲ್ಲಿರಬೇಕು.